ಪದ ಪರಿಚಯ: ಜೆರಂಡ್ ಮತ್ತು ಕ್ರಿಯಾಪದದ ಪೂರಕ

ಇಂಗ್ಲಿಷಿನ ಕ್ರಿಯಾಪದವೊಂದು 'ಇಂಗ್' ಸೇರಿಸಿಕೊಂಡು ನಾಮಪದದ ಕೆಲಸ ಮಾಡಿದರೆ ಅದು ಜೆರಂಡ್. ನಮ್ಮ 'ಓದುವುದು', 'ಈಜುವುದು' ಇದ್ದ ಹಾಗೆ. ಕನ್ನಡ ವ್ಯಾಕರಣದಲ್ಲಿ ಇವನ್ನು ಕೃದಂತ ಭಾವನಾಮ ಅನ್ನುತ್ತೇವೆ. ಹಾಗಂತ 'ಇಂಗ್' ಕಂಡಲ್ಲೆಲ್ಲ ಜೆರಂಡ್ ಅಲ್ಲ. 'ಶಿ ಈಸ್ ಸ್ವಿಮ್ಮಿಂಗ್' ಅಂದರೆ ಅವಳು ಈಜುತ್ತಿದ್ದಾಳೆ, ಅಷ್ಟೇ. 'ಹರ್ ಹಾಬಿ ಈಸ್ ಸ್ವಿಮ್ಮಿಂಗ್' ಅಂದಾಗ ಅದು ಹವ್ಯಾಸದ ಹೆಸರು, ಅಂದರೆ ಜೆರಂಡ್.

ಜೆರಂಡ್ ಜೊತೆಗೆ ಇನ್ನಷ್ಟು ಪದ ಸೇರಿದರೆ ಜೆರಂಡ್ ಫ್ರೇಸ್. 'ರೀಡಿಂಗ್ ಓಲ್ಡ್ ಲೆಟರ್ಸ್ ಮೇಕ್ಸ್ ಮಿ ಹ್ಯಾಪಿ' ನೋಡಿ. 'ಲೆಟರ್ಸ್' ಬಹುವಚನ, ಆದರೂ 'ಮೇಕ್ಸ್' ಬಂದಿದೆ. ಇಲ್ಲಿ ಖುಷಿ ಕೊಡೋದು ಪತ್ರಗಳಲ್ಲ, ಓದುವುದು.

ಇನ್ನು ಪೂರಕ. 'ಐ ಎಂಜಾಯ್' ಅಂತ ನಿಲ್ಲಿಸಿದರೆ 'ಏನನ್ನು?' ಅಂತ ಕೇಳಬೇಕಾಗುತ್ತದೆ, ಅಲ್ವಾ? ಆ ಜಾಗ ತುಂಬುವುದೇ ಪೂರಕ. ಶಾಲೆಯ ವ್ಯಾಕರಣದಲ್ಲಿ ಇದನ್ನೇ ಕರ್ಮ ಅನ್ನುವುದೂ ಉಂಟು. ಅಲ್ಲಿ 'ಇಂಗ್' ಬರಬೇಕೋ 'ಟು' ಬರಬೇಕೋ ಅನ್ನೋದು ಅದಕ್ಕೂ ಮೊದಲು ಬಂದ ಕ್ರಿಯಾಪದದ ಮರ್ಜಿ. ಎಂಜಾಯ್, ಅವಾಯ್ಡ್, ಫಿನಿಶ್ ಇವಕ್ಕೆ 'ಇಂಗ್' ಬೇಕು. ವಾಂಟ್, ಡಿಸೈಡ್, ರಿಫ್ಯೂಸ್ ಇವಕ್ಕೆ 'ಟು'. ಕನ್ನಡದಲ್ಲಿ 'ಓದೋದು ಇಷ್ಟ', 'ಓದೋಕೆ ಇಷ್ಟ' ಎರಡೂ ನಡೆಯುತ್ತದೆ. ಹಾಗಾಗಿ 'ಐ ಎಂಜಾಯ್ ಟು ರೀಡ್' ಅಂತ ಸಲೀಸಾಗಿ ಬಾಯಿಗೆ ಬಂದುಬಿಡುತ್ತದೆ. 'ಅವಾಯ್ಡ್' ಅಂತ ಒಂದೇ ಪದ ಕಲಿಯುವ ಬದಲು 'ಅವಾಯ್ಡ್ ಡೂಯಿಂಗ್' ಅಂತ ಜೋಡಿಯಾಗಿಯೇ ಕಲಿಯಿರಿ. ಸುಮ್ನೆ ಪಟ್ಟಿ ಉರು ಹೊಡೆಯೋದಕ್ಕಿಂತ ಇದು ಜಾಸ್ತಿ ದಿನ ನೆನಪಿರುತ್ತದೆ.

ಕೆಲವೆಡೆ ಎರಡೂ ಸರಿ, ಅರ್ಥ ಮಾತ್ರ ಬೇರೆ. ಇಲ್ಲಿ ಕನ್ನಡ ಚೆನ್ನಾಗಿ ಕೈಹಿಡಿಯುತ್ತದೆ. 'ಹಿ ಸ್ಟಾಪ್ಡ್ ಡ್ರಿಂಕಿಂಗ್ ಟೀ': ಟೀ ಕುಡಿಯೋದನ್ನು ಬಿಟ್ಟ. 'ಹಿ ಸ್ಟಾಪ್ಡ್ ಟು ಡ್ರಿಂಕ್ ಟೀ': ಟೀ ಕುಡಿಯೋಕೆ ಅಂತ ನಿಂತ. ಎರಡನೆಯದು ನಿಜಕ್ಕೂ ಪೂರಕವಲ್ಲ, ನಿಂತಿದ್ದು ಯಾಕೆ ಅನ್ನೋದಕ್ಕೆ ಉತ್ತರ. 'ಐ ರಿಮೆಂಬರ್ ಲಾಕಿಂಗ್ ದ ಡೋರ್' ಅಂದರೆ ಬೀಗ ಹಾಕಿದ್ದು ನೆನಪಿದೆ. 'ರಿಮೆಂಬರ್ ಟು ಲಾಕ್ ದ ಡೋರ್' ಅಂದರೆ ಬೀಗ ಹಾಕೋದನ್ನು ಮರೀಬೇಡ.

ಆಫೀಸಿನ ಈಮೇಲ್‌ಗಳಲ್ಲಿ 'ಲುಕಿಂಗ್ ಫಾರ್ವರ್ಡ್ ಟು ಮೀಟ್ ಯು' ಅಂತ ಬರೆಯೋರು ಬಹಳ. 'ಟು' ಆದಮೇಲೆ 'ಇಟ್' ಹಾಕಿ ನೋಡಿ. 'ಲುಕಿಂಗ್ ಫಾರ್ವರ್ಡ್ ಟು ಇಟ್' ಒಪ್ಪುತ್ತದೆ. ಅಂದರೆ ಆ 'ಟು' ನಾಮಪದ ಕೇಳುತ್ತಿದೆ, 'ಮೀಟಿಂಗ್ ಯು' ಅಂತಲೇ ಬರೆಯಬೇಕು. 'ಐ ವಾಂಟ್ ಟು ಇಟ್' ಅನ್ನೋಕೆ ಬರುವುದಿಲ್ಲ, ಅಲ್ಲಿ 'ಟು ಮೀಟ್' ಸರಿ.