ಒಂದು ಜೀನ್ಸ್ ಪ್ಯಾಂಟಿಗೆ ಇಷ್ಟು ಅಲೆದಾಟ ಯಾಕೆ?

ಪ್ರಶ್ನೆ: ಬಳ್ಳಾರಿಯಲ್ಲಿ ಜೀನ್ಸ್ ಕಟಿಂಗ್ ಒಂದು ಕಡೆ ಆಗುತ್ತದೆ, ಹೊಲಿಗೆ ಇನ್ನೊಂದು ಮನೆಯಲ್ಲಿ, ವಾಷಿಂಗ್ (ಹೊಲಿದ ಜೀನ್ಸನ್ನು ತೊಳೆದು ಮೆತ್ತಗೆ ಮಾಡಿ ಬಣ್ಣ ಮಾಸಿಸುವುದು) ಮತ್ತೆಲ್ಲೋ. ಎಲ್ಲವನ್ನೂ ಒಂದೇ ಫ್ಯಾಕ್ಟರಿಯಲ್ಲಿ ಮಾಡಿದರೆ ಖರ್ಚು ಉಳಿಯಲ್ವಾ?

ಉತ್ತರ: ಇದೇ ಪ್ರಶ್ನೆಯನ್ನು ತಿರುಗಿಸಿ ಕೇಳಿದವರು ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ರೊನಾಲ್ಡ್ ಕೋಸ್. ಪೇಟೆಯಲ್ಲಿ ಎಲ್ಲ ಕೆಲಸಕ್ಕೂ ಜನ ಸಿಗುವಾಗ ಕಂಪನಿ ಅನ್ನೋದಾದರೂ ಯಾಕೆ ಬೇಕು? ಹರೆಯದಲ್ಲೇ ಅಮೆರಿಕದ ಕಾರ್ಖಾನೆಗಳನ್ನು ಸುತ್ತಿ ಬಂದು, 1937ರಲ್ಲಿ ಅವರು ಉತ್ತರ ಬರೆದರು. ಹೊರಗೆ ಕೆಲಸ ಮಾಡಿಸುವುದಕ್ಕೂ ಖರ್ಚಿದೆ. ಆಳು ಹುಡುಕಬೇಕು, ರೇಟು ಮಾತಾಡಬೇಕು, ಹೇಳಿದ ದಿನಕ್ಕೆ ಕೊಡುತ್ತಾನೋ ಇಲ್ಲವೋ ಅಂತ ಕಾಯಬೇಕು. ಈ ತಲೆನೋವು ಜಾಸ್ತಿ ಆದರೆ ಕೆಲಸ ಕಂಪನಿಯ ಒಳಗೆ ಬರುತ್ತದೆ. ಕಮ್ಮಿ ಇದ್ದರೆ ಹೊರಗೇ ಉಳಿಯುತ್ತದೆ.

ಬಳ್ಳಾರಿಯಲ್ಲಿ ಅದು ಕಮ್ಮಿ. ಕಟಿಂಗ್ ಆದ ಬಂಡಲ್ ಆಟೋ ಹತ್ತಿದರೆ ಸ್ವಲ್ಪ ಹೊತ್ತಿಗೆ ಹೊಲಿಯುವವರ ಮನೆಯಲ್ಲಿ. ಯಾರ ಕೈ ಸಾಫು, ಯಾರು ಸತಾಯಿಸುತ್ತಾರೆ ಅನ್ನೋದು ಓಣಿಗೆಲ್ಲ ಗೊತ್ತು. ಕರಾರು ಪತ್ರ ಯಾರಿಗೆ ಬೇಕು? ಹಬ್ಬದ ಸೀಸನ್ನಿಗೆ ಆರ್ಡರ್ ಬಂದರೆ ನಾಲ್ಕು ಮನೆಗೆ ಜಾಸ್ತಿ ಕೊಟ್ಟರಾಯಿತು. ಸೀಸನ್ ಮುಗಿದರೆ ಸಂಬಳದ ಚಿಂತೆ ಇಲ್ಲ. ಮಾಲೀಕನಿಗೆ ಇಲ್ಲ, ಅಷ್ಟೇ. ಪೀಸ್ ರೇಟಿಗೆ ಹೊಲಿಯುವವರ ಮಷಿನ್ ಆಗ ಸುಮ್ನೆ ಕೂತಿರುತ್ತದೆ. ಪಿಎಫ್ಫೂ ಇಲ್ಲ, ಇಎಸ್ಐಯೂ ಇಲ್ಲ. ಉಳಿತಾಯದ ಲೆಕ್ಕ ಹಾಕುವಾಗ ಇದನ್ನು ಮರೆಯಬಾರದು.

ಇಷ್ಟೊಂದು ಕೈ ಒಂದೇ ಊರಿಗೆ ಹೇಗೆ ಬಂತು? ಬ್ರಿಟಿಷರ ದಂಡು ಇಲ್ಲಿತ್ತು. ಸಿಪಾಯಿಗಳ ಬಟ್ಟೆ ಹೊಲಿದ ದರ್ಜಿಗಳಿಂದ ಶುರು ಅಂತ ಊರಲ್ಲಿ ಹೇಳುತ್ತಾರೆ. ಇಂಗ್ಲೆಂಡಿನ ಇನ್ನೊಬ್ಬ ಅರ್ಥಶಾಸ್ತ್ರಜ್ಞ ಆಲ್ಫ್ರೆಡ್ ಮಾರ್ಷಲ್ 1890ರಲ್ಲೇ ಇಂಥ ಊರುಗಳ ಬಗ್ಗೆ ಬರೆದಿದ್ದರು. ಕಸುಬು ಒಂದು ಕಡೆ ನೆಲೆ ನಿಂತರೆ ಅದರ ಗುಟ್ಟು ಗಾಳಿಯಲ್ಲೇ ತೇಲುತ್ತದೆ, ಮಕ್ಕಳು ಗೊತ್ತಿಲ್ಲದೇ ಕಲಿಯುತ್ತಾರೆ ಅಂತ. ಕಾಜಾ ಹೊಡೆಯುವುದನ್ನು ಇಲ್ಲಿನ ಮಕ್ಕಳಿಗೆ ಯಾರೂ ಕೂರಿಸಿಕೊಂಡು ಕಲಿಸಿಲ್ಲ. ಗುಟ್ಟು ಗಾಳಿಯಲ್ಲಿದ್ದರೆ ಹೊಸ ಡಿಸೈನ್ ಕೂಡ ಗಾಳಿಯಲ್ಲೇ. ಇವತ್ತು ನೀವು ಮಾಡಿದ್ದನ್ನು ನಾಳೆ ಪಕ್ಕದವನು ಮಾಡುತ್ತಾನೆ, ಹತ್ತು ರೂಪಾಯಿ ಕಮ್ಮಿಗೆ!

ಈ ಏರ್ಪಾಡು ಕೈಕೊಡುವುದು ವಾಷಿಂಗಿನಲ್ಲಿ. ಅದಕ್ಕೆ ಬಾಯ್ಲರ್ ಬೇಕು, ತುಂಬಾ ನೀರು ಬೇಕು, ಬಣ್ಣ ಮತ್ತು ಕೆಮಿಕಲ್ ಬೆರೆತ ಕೊಳೆ ನೀರನ್ನು ಶುದ್ಧ ಮಾಡಬೇಕು. ಸಣ್ಣ ಯೂನಿಟ್ಟಿಗೆ ಈ ಖರ್ಚು ಭಾರ. ಹಾಗೇ ಬಿಟ್ಟರೆ ಭಾರ ಚರಂಡಿಗೆ, ಆಮೇಲೆ ಕೆಳಗಿನ ಹೊಲಗಳಿಗೆ. ಕೋಸ್ 1960ರಲ್ಲಿ ಇದರ ಬಗ್ಗೆಯೂ ಬರೆದರು: ಕೂತು ಮಾತಾಡುವುದಕ್ಕೆ ಖರ್ಚೇ ಇಲ್ಲದಿದ್ದರೆ ಹಾನಿ ಮಾಡುವವರೂ ಅನುಭವಿಸುವವರೂ ತಾವೇ ಬಗೆಹರಿಸಿಕೊಳ್ಳಬಹುದು. ಈ ಎರಡು ಬರಹಗಳಿಗಾಗಿಯೇ 1991ರಲ್ಲಿ ಅವರಿಗೆ ನೊಬೆಲ್ ಬಂತು. ಆದರೆ ಇಲ್ಲಿ ಮಾತಿಗೆ ಕೂರಬೇಕಾದವರು ಒಬ್ಬಿಬ್ಬರಲ್ಲ. ಎಷ್ಟೋ ಯೂನಿಟ್, ಎಷ್ಟೋ ರೈತರು. ಹಾಗಾಗಿ ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಅರ್ಧ ಅರ್ಧ. ಹೊಲಿಗೆ ಮನೆಮನೆಯಲ್ಲೇ ಇರಲಿ. ಕೊಳೆ ನೀರಿಗೆ ಮಾತ್ರ ಎಲ್ಲರಿಗೂ ಸೇರಿ ಒಂದೇ ಘಟಕ ಬೇಕು.