ಡಿ ಡ್ರೈವ್ ಇ ಆದಾಗ

ತೊಂಬತ್ತರ ದಶಕದಲ್ಲಿ ಕಂಪ್ಯೂಟರಿಗೆ ಎರಡನೆಯ ಹಾರ್ಡ್ ಡಿಸ್ಕ್ ಜೋಡಿಸಿದ ಅನೇಕರಿಗೆ ಆಘಾತ ಕಾದಿರುತ್ತಿತ್ತು. ಡಿ ಡ್ರೈವಿನಲ್ಲಿ ಸುಸೂತ್ರವಾಗಿದ್ದ ಪ್ರೋಗ್ರಾಮುಗಳು ಏಕಾಏಕಿ ‘ಕಡತ ಸಿಗುತ್ತಿಲ್ಲ’ ಎಂದು ಹಟ ಹಿಡಿಯುತ್ತಿದ್ದವು. ನಿಜಕ್ಕೂ ಒಂದು ಬೈಟ್ ಕೂಡ ಅಲುಗಿರುತ್ತಿರಲಿಲ್ಲ, ಬದಲಾಗಿದ್ದದ್ದು ಡ್ರೈವಿನ ಹೆಸರಾದ ಅಕ್ಷರ. ಆಗಿನ ಆಪರೇಟಿಂಗ್ ಸಿಸ್ಟಮ್ ಆದ ಡಾಸ್ ಪ್ರತಿ ಸಲ ಚಾಲೂ ಆದಾಗಲೂ ಅಕ್ಷರಗಳನ್ನು ಹೊಸದಾಗಿ ಹಂಚುತ್ತಿತ್ತು: ಮೊದಲು ಎಲ್ಲ ಡಿಸ್ಕುಗಳ ಪ್ರೈಮರಿ (ಮುಖ್ಯ) ವಿಭಾಗಗಳಿಗೆ, ಆಮೇಲೆ ಉಳಿದ ಜಾಗವನ್ನು ಒಡೆದು ಮಾಡಿದ ಲಾಜಿಕಲ್ ವಿಭಾಗಗಳಿಗೆ. ಹೊಸ ಡಿಸ್ಕಿನ ಪ್ರೈಮರಿ ವಿಭಾಗ ಸರದಿಯಲ್ಲಿ ಮುಂದೆ ನುಗ್ಗಿ ಡಿ ಆದರೆ ಲಾಜಿಕಲ್ ವಿಭಾಗವಾಗಿದ್ದ ಹಳೆಯ ಡಿ ಇ ಆಗುತ್ತಿತ್ತು, ಸಿಡಿ ಡ್ರೈವ್ ಇನ್ನೂ ಹಿಂದಕ್ಕೆ ಸರಿಯುತ್ತಿತ್ತು. ಅನುಭವಸ್ಥರು ಸಿಡಿ ಡ್ರೈವಿಗೆ ಮೊದಲೇ ಆರ್ ಎಂಬಂಥ ದೂರದ ಅಕ್ಷರ ಕೊಟ್ಟು ನಿಶ್ಚಿಂತರಾಗಿರುತ್ತಿದ್ದರು.

ಈ ಅಕ್ಷರ ಪದ್ಧತಿ ಡಾಸ್‌ಗಿಂತ ಹಳೆಯದು. ಗ್ಯಾರಿ ಕಿಲ್ಡಾಲ್ ಎಪ್ಪತ್ತರ ದಶಕದಲ್ಲಿ ಬರೆದ ಸಿಪಿ/ಎಂ ಎಂಬ ಆಪರೇಟಿಂಗ್ ಸಿಸ್ಟಮ್ ಅದನ್ನು ಸಣ್ಣ ಕಂಪ್ಯೂಟರುಗಳಿಗೆ ತಂದಿತು. 1981ರ ಐಬಿಎಂ ಪಿಸಿಯ ಡಾಸ್ ಅದನ್ನೇ ಮುಂದುವರಿಸಿತು. ಎ ಮತ್ತು ಬಿ ಫ್ಲಾಪಿಗಳ ಪಾಲಾಗಿದ್ದರಿಂದ 1983ರ ಪಿಸಿ ಎಕ್ಸ್‌ಟಿಯಲ್ಲಿ ಬಂದ ಹಾರ್ಡ್ ಡಿಸ್ಕಿಗೆ ಸಿ ದಕ್ಕಿತು. ಫ್ಲಾಪಿ ಕಣ್ಮರೆಯಾದರೂ ಆ ಎರಡು ಜಾಗಗಳು ಇಂದಿಗೂ ಸಾಮಾನ್ಯವಾಗಿ ಖಾಲಿಯೇ.

ಈಗಿನ ವಿಂಡೋಸ್ ಮಟ್ಟಿಗೆ ಅಕ್ಷರವೆಂದರೆ ಒಳಗಿನ ನಿಜ ಹೆಸರಿನತ್ತ ಬೆರಳು ತೋರಿಸುವ ಕೊಂಡಿ, ಅಷ್ಟೇ. ವಿಂಡೋಸ್ 2000ದಿಂದೀಚೆಗೆ ಯಾವ ವಿಭಾಗಕ್ಕೆ ಯಾವ ಅಕ್ಷರ ಎಂಬ ಲೆಕ್ಕ ವಿಂಡೋಸಿನ ಸೆಟ್ಟಿಂಗುಗಳ ಕೋಶವಾದ ರಿಜಿಸ್ಟ್ರಿಯಲ್ಲಿ ಉಳಿಯುತ್ತದೆ. ವಿಭಾಗಗಳ ಪಟ್ಟಿ ಇಡುವ ಹಳೆಯ ವಿಧಾನವಾದ ಎಂಬಿಆರ್ ಮಾದರಿಯ ಡಿಸ್ಕ್ ಆದರೆ ಆ ದಾಖಲೆ ಕೇವಲ 12 ಬೈಟ್: ಡಿಸ್ಕಿನ ಸಹಿ (ಗುರುತಿನ ಸಂಖ್ಯೆ) 4, ವಿಭಾಗ ಶುರುವಾಗುವ ಜಾಗ 8. ಹಾಗಾಗಿ ಅಕ್ಷರಗಳು ಈಗ ತಾವಾಗಿಯೇ ಪಲ್ಲಟವಾಗುವುದು ಕಡಿಮೆ. ವಿಂಡೋಸ್ ಮರುಸ್ಥಾಪಿಸಿದಾಗ, ಡಿಸ್ಕನ್ನು ಬೇರೆ ಕಂಪ್ಯೂಟರಿಗೆ ಸಾಗಿಸಿದಾಗ, ಅಥವಾ ನಾವೇ ಕೈಯಾಡಿಸಿದಾಗ ತೊಂದರೆ ಬರುತ್ತದೆ.

ಪ್ರೋಗ್ರಾಮುಗಳು ಕೆಡುವುದಕ್ಕೆ ಕಾರಣ ಅವು ಸ್ಥಾಪನೆಯ ದಿನ ಪೂರ್ಣ ವಿಳಾಸವನ್ನು, ಅಕ್ಷರ ಸಮೇತ, ಹತ್ತಾರು ಕಡೆ ಬರೆದಿಡುವುದು. ಹಿನ್ನೆಲೆಯಲ್ಲಿ ಓಡುವ ಸೇವೆಗಳ ವಿಳಾಸ, ಹಲವು ಪ್ರೋಗ್ರಾಮುಗಳು ಹಂಚಿಕೊಂಡು ಬಳಸುವ ಕೋಡ್ ಕಡತಗಳಾದ ಡಿಎಲ್‌ಎಲ್‌ಗಳ ವಿಳಾಸ, ಯಾವ ಕಡತವನ್ನು ಯಾವ ಪ್ರೋಗ್ರಾಮು ತೆರೆಯಬೇಕೆಂಬ ನಂಟು, ಕೊನೆಗೆ ಅಳಿಸುವ ವಿಧಾನವೂ. ಶಾರ್ಟ್‌ಕಟ್‌ಗಳು ಇವುಗಳಲ್ಲಿ ಕೊಂಚ ಜಾಣ; ಡ್ರೈವಿನ ಕ್ರಮಸಂಖ್ಯೆಯಂಥ ಗುರುತುಗಳನ್ನೂ ಇಟ್ಟುಕೊಂಡಿರುವುದರಿಂದ ಎಷ್ಟೋ ಸಲ ಕಳೆದುಹೋದ ಕಡತವನ್ನು ತಾವೇ ಹುಡುಕಿಕೊಳ್ಳುತ್ತವೆ. ಉಳಿದವಕ್ಕೆ ಆ ಬುದ್ಧಿಯಿಲ್ಲ.

ರಿಜಿಸ್ಟ್ರಿಯಲ್ಲಿ ಹಳೆಯ ಅಕ್ಷರವನ್ನೆಲ್ಲ ಹುಡುಕಿ ಬದಲಿಸಿಬಿಡೋಣ ಎಂದು ಹಲವರು ಹೊರಡುತ್ತಾರೆ. ನನಗೆ ಅದು ಬೇಡದ ಸಾಹಸವೆನಿಸುತ್ತದೆ. ಕೆಲವು ವಿಳಾಸಗಳು ಬೈನರಿ ರೂಪದಲ್ಲಿ ಅಡಗಿರುತ್ತವೆ, ಕೆಲವು ರಿಜಿಸ್ಟ್ರಿಯಲ್ಲಿರದೆ ಪ್ರೋಗ್ರಾಮಿನದೇ ಸಂರಚನಾ ಕಡತದಲ್ಲಿ ಇರುತ್ತವೆ. ಅರ್ಧ ಬದಲಾಗಿ ಅರ್ಧ ಉಳಿದ ಸ್ಥಿತಿ ಮೊದಲಿನದಕ್ಕಿಂತ ಕೆಟ್ಟದ್ದು.

ಸುಲಭದ ದಾರಿ ಹಳೆಯ ಅಕ್ಷರವನ್ನು ಹಿಂತಿರುಗಿಸುವುದು. ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಡ್ರೈವಿನ ಮೇಲೆ ಬಲಗುಂಡಿ ಒತ್ತಿದರೆ ಅದಕ್ಕೆ ಅವಕಾಶವಿದೆ. ಬೇಕಾದ ಅಕ್ಷರವನ್ನು ಪೆನ್ ಡ್ರೈವ್ ಆಕ್ರಮಿಸಿಕೊಂಡಿದ್ದರೆ ಮೊದಲು ಅದನ್ನು ಬೇರೆಡೆಗೆ ಕಳಿಸಬೇಕು. ಹಳೆಯ ಅಕ್ಷರ ಖಾಲಿ ಇದ್ದರೂ ಹೊಸದನ್ನು ಬಿಡಲಾಗದ ಸಂದರ್ಭದಲ್ಲಿ ‘ಸಬ್‌ಸ್ಟ್’ ಆದೇಶ ನೆರವಿಗೆ ಬರುತ್ತದೆ. ಇ ಡ್ರೈವಿಗೆ ಡಿ ಎಂಬ ಅಡ್ಡಹೆಸರು ಕೊಡುತ್ತದೆ. ಆದರೆ ಲಾಗ್ ಆಫ್ ಆದೊಡನೆ ಆ ಹೆಸರು ಮಾಯ. ಹಿನ್ನೆಲೆ ಸೇವೆಗಳಿಗಂತೂ ಅದು ಕಾಣುವುದೇ ಇಲ್ಲ. ಡೇಟಾಬೇಸ್ ಸರ್ವರ್‌ನಂಥದ್ದನ್ನು ಇದನ್ನು ನಂಬಿ ನಡೆಸುವಂತಿಲ್ಲ.

ಜಾಗ ಸಾಲದೆ ಪ್ರೋಗ್ರಾಮಿನ ಫೋಲ್ಡರನ್ನೇ ಸಿ ಡ್ರೈವಿನಿಂದ ಇ ಡ್ರೈವಿಗೆ ಸಾಗಿಸಿದ್ದರೆ ಜಂಕ್ಷನ್, ಅಂದರೆ ಒಂದು ಫೋಲ್ಡರಿನಿಂದ ಇನ್ನೊಂದಕ್ಕೆ ದಾರಿ ತಿರುಗಿಸುವ ಕೊಂಡಿ, ಒಳ್ಳೆಯದು. ‘ಎಂಕೆಲಿಂಕ್’ ಆದೇಶದಿಂದ ಹಳೆಯ ಜಾಗದಲ್ಲಿ ಅದೇ ಹೆಸರಿನ ಜಂಕ್ಷನ್ ಮಾಡಿದರೆ, ಪ್ರೋಗ್ರಾಮು ತಾನು ಸಿ ಡ್ರೈವಿನಲ್ಲೇ ಇದ್ದೇನೆಂದು ನಂಬಿ ನಡೆಯುತ್ತದೆ. ಕಂಪ್ಯೂಟರ್ ಮರಳಿ ಚಾಲೂ ಆದರೂ ಇದು ಉಳಿಯುತ್ತದೆ. ಇಡೀ ವಿಭಾಗವನ್ನೇ ವಿಂಡೋಸಿನ ಕಡತ ವ್ಯವಸ್ಥೆಯಾದ ಎನ್‌ಟಿಎಫ್‌ಎಸ್ ಡ್ರೈವಿನ ಖಾಲಿ ಫೋಲ್ಡರಿಗೆ ಜೋಡಿಸುವುದೂ ಸಾಧ್ಯ. ಯುನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ಮೊದಲಿನಿಂದಲೂ ಹೀಗೆಯೇ ಎಲ್ಲ ಡಿಸ್ಕುಗಳನ್ನು ಫೋಲ್ಡರುಗಳ ಒಂದೇ ಮರಕ್ಕೆ ಕಟ್ಟಿತ್ತು.

ವಿಂಡೋಸ್ ಇರುವ ಡ್ರೈವಿನ ಅಕ್ಷರವನ್ನು ಮಾತ್ರ ಡಿಸ್ಕ್ ಮ್ಯಾನೇಜ್‌ಮೆಂಟ್ ಬದಲಿಸಗೊಡುವುದಿಲ್ಲ, ಅದು ಸರಿಯೂ ಹೌದು. ಎಕ್ಸ್‌ಪಿ ಕಾಲದಲ್ಲಿ ಡಿಸ್ಕಿನ ತದ್ರೂಪು ತೆಗೆದವರು ಕೆಲವೊಮ್ಮೆ ಇದನ್ನು ಅರಿಯದೇ ಮಾಡಿಬಿಡುತ್ತಿದ್ದರು. ತದ್ರೂಪಿಗೆ ಸಿ ಬದಲು ಬೇರೆ ಅಕ್ಷರ ಬಿದ್ದರೆ ಲಾಗಿನ್ ಆದ ಕ್ಷಣವೇ ವಿಂಡೋಸ್ ಲಾಗ್ ಆಫ್ ಮಾಡುತ್ತಿತ್ತು, ಏಕೆಂದರೆ ಲಾಗಿನ್ ಮುಗಿಸಬೇಕಾದ ಪ್ರೋಗ್ರಾಮನ್ನು ಅದು ಸಿ ಡ್ರೈವಿನಲ್ಲೇ ಹುಡುಕುತ್ತಿತ್ತು. ಆಗ ಪ್ರಚಾರದಲ್ಲಿದ್ದ ಮದ್ದು ವಿಂಡೋಸ್ 98ರ ಫ್ಲಾಪಿಯಿಂದ ಡಿಸ್ಕಿನ ಬೂಟ್ ದಾಖಲೆಯನ್ನು (ಎಂಬಿಆರ್) ಮತ್ತೆ ಬರೆಯುವುದು. ಡಿಸ್ಕಿನ ಸಹಿಯೂ ಅದರೊಂದಿಗೆ ಅಳಿಸಿಹೋಗುತ್ತಿತ್ತು. ಪರಿಚಯ ತಪ್ಪಿದ ವಿಂಡೋಸ್ ಅಕ್ಷರಗಳನ್ನು ಮೊದಲಿನಿಂದ ಹಂಚಿ ಆ ಡ್ರೈವಿಗೆ ಮತ್ತೆ ಸಿ ಕೊಡುತ್ತಿತ್ತು.