ಅಪೋಸ್ಟಿಲ್‌ಗೆ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಗಳು

ವಿದೇಶದಲ್ಲಿ ಓದಲು, ದುಡಿಯಲು ಅಥವಾ ಅಲ್ಲಿರುವ ಕುಟುಂಬವನ್ನು ಸೇರಿಕೊಳ್ಳಲು ಹೊರಟವರು ದಾಖಲೆಗಳ ದೃಢೀಕರಣಕ್ಕೆಂದು ನಮ್ಮ ಕಚೇರಿಗೆ ಬಂದಾಗ ಮೊದಲು ಕೇಳುವುದು ಎಷ್ಟು ದಿನ ಹಿಡಿಯುತ್ತದೆ, ಎಷ್ಟು ಖರ್ಚಾಗುತ್ತದೆ ಎಂದು. ಅದಕ್ಕೆ ಉತ್ತರಿಸುವ ಮುನ್ನ ನಾನು ಅವರನ್ನು ಕೇಳುವುದು ಬೇರೆಯೇ: ದಾಖಲೆ ಹೋಗುವುದು ಯಾವ ದೇಶಕ್ಕೆ, ಅಲ್ಲಿ ಅದನ್ನು ಪರಿಶೀಲಿಸುವ ಕಚೇರಿ ಯಾವುದು, ಆ ಕಚೇರಿಯವರು ಬರಹದಲ್ಲಿ ಕೇಳಿರುವುದು ಏನು. ಇವನ್ನು ತಿಳಿಯದೆ ಹಾಕಿಸಿದ ಮುದ್ರೆ ಎಷ್ಟೇ ಅಧಿಕೃತವಾಗಿದ್ದರೂ ಬೇಕಾದ ಕಡೆ ನಡೆಯದೇ ಹೋಗಬಹುದು.

ಒಂದು ದೇಶದ ಅಧಿಕಾರಿಗೆ ಇನ್ನೊಂದು ದೇಶದ ಜನನ ನೋಂದಣಾಧಿಕಾರಿಯ ಸಹಿಯನ್ನಾಗಲಿ, ವಿಶ್ವವಿದ್ಯಾಲಯದ ಮೊಹರನ್ನಾಗಲಿ ಗುರುತಿಸುವ ದಾರಿಯಿರುವುದಿಲ್ಲ. ಆದ್ದರಿಂದ ಕೆಳಗಿನವರ ಸಹಿಯನ್ನು ಮೇಲಿನವರು, ಅವರ ಸಹಿಯನ್ನು ವಿದೇಶಾಂಗ ಸಚಿವಾಲಯದವರು, ಸಚಿವಾಲಯದ ಸಹಿಯನ್ನು ಆ ದೇಶದ ರಾಯಭಾರ ಕಚೇರಿಯವರು ದೃಢೀಕರಿಸುವ ದೀರ್ಘ ಕ್ರಮ ಬಳಕೆಯಲ್ಲಿತ್ತು. ಇದನ್ನು ಮೊಟಕುಗೊಳಿಸಲೆಂದು 1961ರ ಅಕ್ಟೋಬರ್ 5ರಂದು ಹೇಗ್ ನಗರದಲ್ಲಿ ಒಂದು ಅಂತರರಾಷ್ಟ್ರೀಯ ಒಪ್ಪಂದವಾಯಿತು. ಒಪ್ಪಂದಕ್ಕೆ ಸೇರಿದ ದೇಶಗಳ ನಡುವೆ ಅಪೋಸ್ಟಿಲ್ ಎಂಬ ಒಂದೇ ಪ್ರಮಾಣಪತ್ರ ಸಾಕು, ರಾಯಭಾರ ಕಚೇರಿಯ ಮೆಟ್ಟಿಲು ಹತ್ತಬೇಕಾಗಿಲ್ಲ. ಭಾರತಕ್ಕೆ ಇದು 2005ರ ಜುಲೈ 14ರಿಂದ ಅನ್ವಯಿಸುತ್ತದೆ. ನಮ್ಮಲ್ಲಿ ವಿದೇಶಾಂಗ ಸಚಿವಾಲಯವು ದಾಖಲೆಯ ಹಿಂಬದಿಯಲ್ಲಿ ಅಂಟಿಸುವ ಚೌಕಾಕಾರದ ಸ್ಟಿಕ್ಕರೇ ಈ ಅಪೋಸ್ಟಿಲ್. ಯಾವ ದೇಶದ್ದಾದರೂ ಅದರಲ್ಲಿ ಸಂಖ್ಯೆ ಹಾಕಿದ ಹತ್ತು ನಮೂದುಗಳು ಅದೇ ಕ್ರಮದಲ್ಲಿರುತ್ತವೆ, ತಲೆಬರಹ ಫ್ರೆಂಚ್ ಭಾಷೆಯಲ್ಲಿರುತ್ತದೆ.

ಆ ಹತ್ತು ನಮೂದುಗಳನ್ನು ಒಮ್ಮೆ ಗಮನವಿಟ್ಟು ಓದಿದರೆ ಬಹುಪಾಲು ಗೊಂದಲ ಕಳೆಯುತ್ತದೆ. ಸಹಿ ಮಾಡಿದವರು ಯಾರು, ಯಾವ ಅಧಿಕಾರದಲ್ಲಿ ಮಾಡಿದರು, ಯಾರ ಮೊಹರಿದೆ ಎಂಬುದನ್ನಷ್ಟೇ ಅಪೋಸ್ಟಿಲ್ ಹೇಳುತ್ತದೆ. ದಾಖಲೆಯೊಳಗೆ ಬರೆದಿರುವ ಸಂಗತಿ ನಿಜವೆಂದು ಅದು ಎಲ್ಲಿಯೂ ಹೇಳುವುದಿಲ್ಲ. ಜನ್ಮದಿನಾಂಕ ತಪ್ಪಾಗಿರುವ ಪ್ರಮಾಣಪತ್ರಕ್ಕೂ ಅಪೋಸ್ಟಿಲ್ ಸಿಗುತ್ತದೆ, ಆದರೆ ತಪ್ಪು ತಪ್ಪಾಗಿಯೇ ಉಳಿಯುತ್ತದೆ. ಮೂಲ ಪದವಿ ಪತ್ರದ ಬದಲು ಅದರ ಜೆರಾಕ್ಸ್ ಪ್ರತಿಗೆ ನೋಟರಿ ಸಹಿ ಮಾಡಿಸಿ, ಆ ಪ್ರತಿಯ ಮೇಲೆ ಅಪೋಸ್ಟಿಲ್ ಹಾಕಿಸಿದರೆ ಪ್ರಮಾಣಿತವಾಗುವುದು ನೋಟರಿಯ ಸಹಿಯೇ ಹೊರತು ವಿಶ್ವವಿದ್ಯಾಲಯದ್ದಲ್ಲ. ಬೇಗ ಮುಗಿಯುತ್ತದೆಂದು ಏಜೆಂಟರು ಈ ದಾರಿಯನ್ನು ಸೂಚಿಸುವುದುಂಟು. ಕೆಲವು ಕಡೆ ಅಷ್ಟೇ ಸಾಕಾಗುವುದೂ ಉಂಟು. ಆದರೆ ಪದವಿಯ ನೈಜತೆಯನ್ನೇ ಪರೀಕ್ಷಿಸುವ ಉದ್ಯೋಗದಾತರು ಮತ್ತು ವೃತ್ತಿ ಮಂಡಳಿಗಳು ಅಂಥ ಪ್ರತಿಯನ್ನು ಹಿಂದಿರುಗಿಸಿದರೆ ಅವರನ್ನು ದೂರುವಂತಿಲ್ಲ.

ಕರ್ನಾಟಕದಲ್ಲಿ ಹಿಡಿಯಬೇಕಾದ ದಾರಿ ದಾಖಲೆಯ ಬಗೆಯನ್ನು ಅವಲಂಬಿಸಿದೆ. ಅಂಕಪಟ್ಟಿ, ಪದವಿ ಪತ್ರಗಳಂಥ ಶೈಕ್ಷಣಿಕ ದಾಖಲೆಗಳಿಗೆ ರಾಜ್ಯದ ಶಿಕ್ಷಣ ಇಲಾಖೆಯ ದೃಢೀಕರಣ ಬೇಕು, ಏಜೆಂಟರು ಎಚ್‌ಆರ್‌ಡಿ ಅಟೆಸ್ಟೇಷನ್ ಎನ್ನುವುದು ಇದನ್ನೇ. ಜನನ, ಮರಣ, ವಿವಾಹ ಪ್ರಮಾಣಪತ್ರಗಳಿಗೆ ರಾಜ್ಯದ ಗೃಹ ಇಲಾಖೆ. ವ್ಯಾಪಾರದ ಕಾಗದಪತ್ರಗಳಿಗೆ ವಾಣಿಜ್ಯೋದ್ಯಮ ಸಂಸ್ಥೆ. ಪಾಸ್‌ಪೋರ್ಟ್ ಕಚೇರಿ ಕೊಡುವ ಪೊಲೀಸ್ ಕ್ಲಿಯರೆನ್ಸ್ ಪ್ರಮಾಣಪತ್ರ ಕೇಂದ್ರ ಸರ್ಕಾರದ್ದೇ ಆದ್ದರಿಂದ ನೇರವಾಗಿ ಸಚಿವಾಲಯಕ್ಕೆ ಹೋಗಬಹುದು. ಮೊದಲೆಲ್ಲ ದೆಹಲಿಗೇ ಕಳುಹಿಸಬೇಕಾಗಿದ್ದ ದಾಖಲೆಗಳನ್ನು 2019ರಿಂದ ಬೆಂಗಳೂರೂ ಸೇರಿದಂತೆ ಹಲವು ನಗರಗಳಲ್ಲಿಯೇ ದೃಢೀಕರಿಸಲಾಗುತ್ತಿದೆ. ಅರ್ಜಿದಾರರು ಸಚಿವಾಲಯ ನೇಮಿಸಿರುವ ಸಂಸ್ಥೆಗಳ ಮೂಲಕ ಅವನ್ನು ಸಲ್ಲಿಸಬೇಕು. ಅಪೋಸ್ಟಿಲ್‌ಗೆ ಸರ್ಕಾರದ ಶುಲ್ಕ ದಾಖಲೆಯೊಂದಕ್ಕೆ 50 ರೂಪಾಯಿ, ಉಳಿದದ್ದು ಸೇವಾ ವೆಚ್ಚ. ಈ ಅಂತರ ಗೊತ್ತಿದ್ದರೆ ಸಾವಿರಾರು ರೂಪಾಯಿಯ ಲೆಕ್ಕ ಮುಂದಿಡುವ ಏಜೆಂಟರನ್ನು ವಿವರ ಕೇಳಲು ಧೈರ್ಯ ಬರುತ್ತದೆ, ಕೇಳಲೇಬೇಕು ಕೂಡ.

ಇನ್ನು ದೇಶದ ವಿಚಾರ. ಕರಾವಳಿಯ ಜಿಲ್ಲೆಗಳಿಂದ ಕೊಲ್ಲಿ ರಾಷ್ಟ್ರಗಳಿಗೆ ಹೋಗುವವರ ಸಂಖ್ಯೆ ದೊಡ್ಡದಾದ್ದರಿಂದ ಇದನ್ನು ಸ್ಪಷ್ಟವಾಗಿ ಹೇಳಬೇಕು: ಕೊಲ್ಲಿಗೆಲ್ಲ ಒಂದೇ ನಿಯಮವಿಲ್ಲ. ಒಮಾನ್ ಮತ್ತು ಬಹರೈನ್ ಬಹಳ ಹಿಂದೆಯೇ ಅಪೋಸ್ಟಿಲ್ ಒಪ್ಪಂದಕ್ಕೆ ಸೇರಿವೆ, ಸೌದಿ ಅರೇಬಿಯಾದಲ್ಲಿ ಅದು 2022ರ ಡಿಸೆಂಬರ್‌ನಿಂದ ಜಾರಿಯಲ್ಲಿದೆ. ಯುಎಇ, ಕತಾರ್, ಕುವೈತ್‌ಗಳಿಗೆ ಮಾತ್ರ ಹಳೆಯ ಕ್ರಮವೇ. ದುಬೈಗೆ ಹೋಗುವ ಪದವಿ ಪತ್ರಕ್ಕೆ ರಾಜ್ಯ ಇಲಾಖೆ, ನಮ್ಮ ವಿದೇಶಾಂಗ ಸಚಿವಾಲಯ, ಭಾರತದಲ್ಲಿರುವ ಯುಎಇ ರಾಯಭಾರ ಕಚೇರಿ, ಕೊನೆಗೆ ಯುಎಇಯ ವಿದೇಶಾಂಗ ಸಚಿವಾಲಯ ಹೀಗೆ ಎಲ್ಲರ ಮುದ್ರೆಯೂ ಬೇಕಾಗುತ್ತದೆ. ಕೆನಡಾ 2024ರ ಜನವರಿ 11ರಿಂದ ಅಪೋಸ್ಟಿಲ್ ವ್ಯವಸ್ಥೆಯೊಳಗೆ ಬಂದಿದೆ, ಆದರೂ ಹಳೆಯ ಪಟ್ಟಿಯನ್ನೇ ಹಿಡಿದು ರಾಯಭಾರ ಕಚೇರಿಯ ಮುದ್ರೆ ಬೇಕೆನ್ನುವವರು ಇನ್ನೂ ಇದ್ದಾರೆ.

ಜರ್ಮನಿಯ ಮಾತು ಬೇರೆ. ಜರ್ಮನಿಯೂ ಒಪ್ಪಂದದ ಸದಸ್ಯ, ಭಾರತವೂ ಸದಸ್ಯ. ಆದರೆ ಭಾರತದ ಸೇರ್ಪಡೆಗೆ ಜರ್ಮನಿ ಆಕ್ಷೇಪ ಸಲ್ಲಿಸಿರುವ ಕಾರಣ ಈ ಎರಡು ದೇಶಗಳ ನಡುವೆ ಒಪ್ಪಂದ ಜಾರಿಯಲ್ಲಿಲ್ಲ, ಭಾರತದ ಅಪೋಸ್ಟಿಲ್ ಅಲ್ಲಿ ಕಾನೂನಿನ ಬಲ ಪಡೆಯುವುದಿಲ್ಲ. ಅಲ್ಲಿನ ವಿವಾಹ ನೋಂದಣಿ ಕಚೇರಿಯಂಥ ಪ್ರಾಧಿಕಾರಕ್ಕೆ ನಮ್ಮ ಜನನ ಪ್ರಮಾಣಪತ್ರದ ಬಗ್ಗೆ ಖಾತರಿ ಬೇಕಾದರೆ, ಅದು ಭಾರತದಲ್ಲಿರುವ ಜರ್ಮನ್ ದೂತಾವಾಸದ ಮೂಲಕ ದಾಖಲೆಯ ಒಳಹೂರಣವನ್ನೇ ಸ್ಥಳದಲ್ಲಿ ಪರಿಶೀಲಿಸುವಂತೆ ಕೋರುತ್ತದೆ. ಸದಸ್ಯ ದೇಶಗಳ ಪಟ್ಟಿಯಲ್ಲಿ ಎರಡೂ ಹೆಸರುಗಳನ್ನು ನೋಡಿ ನಿಶ್ಚಿಂತರಾಗುವವರು ಈ ಆಕ್ಷೇಪದ ಕಾಲಂ ಅನ್ನು ಗಮನಿಸುವುದಿಲ್ಲ. ಜರ್ಮನಿಗೆ ಹೊರಟ ವಿದ್ಯಾರ್ಥಿಗಳು ತಮ್ಮ ವಿಶ್ವವಿದ್ಯಾಲಯ ಕೇಳಿದ್ದನ್ನಷ್ಟೇ ಮಾಡಿಸಬೇಕೆಂದು ನಾನು ಒತ್ತಿ ಹೇಳುವುದು ಇದಕ್ಕಾಗಿ.

ನನ್ನ ಅನುಭವದಲ್ಲಿ ಹೆಚ್ಚಿನ ಕೆಲಸ ಕೆಡುವುದು ಮುದ್ರೆಯ ಹಂತದಲ್ಲಲ್ಲ, ಮೂಲ ದಾಖಲೆಯಲ್ಲಿ. ನಮ್ಮಲ್ಲಿ ಹೆಸರಿನ ಜೊತೆಗೆ ಊರಿನ, ತಂದೆಯ ಹೆಸರಿನ ಇನಿಷಿಯಲ್ ಬರೆಯುವುದು ರೂಢಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಮಂಜುನಾಥ ಎಚ್.ಕೆ.’ ಎಂದಿದ್ದವರು ಪಾಸ್‌ಪೋರ್ಟ್‌ನಲ್ಲಿ ತಂದೆಯ ಹೆಸರನ್ನೇ ಮನೆತನದ ಹೆಸರಾಗಿ ಬರೆಸಿ ‘ಮಂಜುನಾಥ ಕೃಷ್ಣಪ್ಪ’ ಆಗಿರುತ್ತಾರೆ, ಮಗಳ ಜನನ ಪ್ರಮಾಣಪತ್ರದಲ್ಲಿ ಬರೀ ‘ಮಂಜುನಾಥ್’ ಎಂದಿರುತ್ತದೆ. ಇಲ್ಲಿ ಯಾರಿಗೂ ತೊಡಕೆನಿಸದ ಈ ವ್ಯತ್ಯಾಸ ವಿದೇಶದ ಕಚೇರಿಯವರಿಗೆ ಮೂರು ಬೇರೆ ವ್ಯಕ್ತಿಗಳಂತೆ ಕಾಣುತ್ತದೆ. ಅಫಿಡವಿಟ್‌ನಿಂದ ಇದನ್ನು ವಿವರಿಸಬಹುದು, ಆದರೆ ತಿದ್ದುಪಡಿಗೆ ಅವಕಾಶವಿರುವಲ್ಲಿ ತಿದ್ದಿಸಿಕೊಳ್ಳುವುದೇ ಉತ್ತಮ. ಹಳೆಯ ಜನನ ಪ್ರಮಾಣಪತ್ರಗಳಲ್ಲಿ ಮಗುವಿನ ಹೆಸರೇ ಇರುವುದಿಲ್ಲ. 1969ರ ಜನನ ಮರಣ ನೋಂದಣಿ ಅಧಿನಿಯಮದ 14ನೇ ಪ್ರಕರಣದಲ್ಲಿ ಹೆಸರನ್ನು ಆಮೇಲೆ ಸೇರಿಸಲು, 15ನೇ ಪ್ರಕರಣದಲ್ಲಿ ತಪ್ಪನ್ನು ಸರಿಪಡಿಸಲು ದಾರಿಯಿದೆ. ಇವೆಲ್ಲ ಮುಗಿದ ಮೇಲೆಯೇ ದೃಢೀಕರಣಕ್ಕೆ ಕೊಡಬೇಕು, ಏಕೆಂದರೆ ತಿದ್ದುಪಡಿಯಾದ ಹೊಸ ಪ್ರಮಾಣಪತ್ರಕ್ಕೆ ಹಳೆಯದರ ಮೇಲಿನ ಮುದ್ರೆ ಅನ್ವಯಿಸುವುದಿಲ್ಲ. ಅಂಕಪಟ್ಟಿಯನ್ನು ಜೋಪಾನ ಮಾಡಲೆಂದು ಲ್ಯಾಮಿನೇಷನ್ ಮಾಡಿಸಿದವರಿಗೂ ತೊಂದರೆಯಿದೆ: ಅದರ ಮೇಲೆ ಮೊಹರೊತ್ತಲಾಗದು. ಹಾಳೆಯನ್ನು ಬಿಡಿಸುವಾಗ ಕಾಗದ ಹರಿಯುವ ಅಪಾಯವಿದ್ದರೆ ಮಂಡಳಿಯಿಂದ ಎರಡನೆಯ ಪ್ರತಿಗೆ ಅರ್ಜಿ ಹಾಕುವುದು ಸುರಕ್ಷಿತ.

ಅಪೋಸ್ಟಿಲ್‌ಗೆ ಒಪ್ಪಂದದಲ್ಲಿ ಅವಧಿಯ ಮಿತಿಯಿಲ್ಲ. ಆದರೆ ಅವಿವಾಹಿತ ಸ್ಥಿತಿಯ ಪತ್ರ, ಪೊಲೀಸ್ ಕ್ಲಿಯರೆನ್ಸ್ ಮುಂತಾದವು ಇತ್ತೀಚಿನ ಕೆಲವು ತಿಂಗಳೊಳಗಿನವೇ ಆಗಿರಬೇಕೆಂದು ಸ್ವೀಕರಿಸುವ ದೇಶ ಹೇಳಬಹುದು.

ಎದುರು ದಿಕ್ಕಿನಲ್ಲಿ ಬರುವ ದಾಖಲೆಗಳಲ್ಲಿ ಮುಖ್ಯವಾದದ್ದು ಎಲ್ಲರೂ ಜಿಪಿಎ ಎಂದು ಕರೆಯುವ ಮುಖ್ತಿಯಾರ್ ಪತ್ರ. ಅಮೆರಿಕದಲ್ಲಿರುವ ಮಗ ಹಾಸನದ ಜಮೀನಿನ ವ್ಯವಹಾರಕ್ಕೆ ತಾಯಿಗೆ ಅಧಿಕಾರ ಕೊಡಬೇಕಾದಾಗ 1908ರ ನೋಂದಣಿ ಅಧಿನಿಯಮದ 33ನೇ ಪ್ರಕರಣವನ್ನು ನೋಡಬೇಕು. ಭಾರತದಲ್ಲಿ ವಾಸವಿಲ್ಲದವರು ಆ ಪತ್ರಕ್ಕೆ ನೋಟರಿ, ನ್ಯಾಯಾಧೀಶ ಅಥವಾ ಭಾರತದ ದೂತಾಧಿಕಾರಿಯಂಥವರ ಎದುರಿನಲ್ಲಿಯೇ ಸಹಿ ಮಾಡಿ, ಅವರಿಂದಲೇ ಪ್ರಮಾಣೀಕರಿಸಿಕೊಂಡಿರಬೇಕು. ಮನೆಯಲ್ಲಿ ಸಹಿ ಹಾಕಿ ಗೆಳೆಯರಿಂದ ಸಾಕ್ಷಿ ಮಾಡಿಸಿ ಕಳುಹಿಸಿದ ಪತ್ರ ಉಪನೋಂದಣಾಧಿಕಾರಿಯ ಮುಂದೆ ನಿಲ್ಲುವುದಿಲ್ಲ. ಅಲ್ಲಿನ ನೋಟರಿಯ ಎದುರು ಸಹಿ ಮಾಡಿದರೆ ಆ ರಾಜ್ಯದ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿಯಿಂದ ಅಪೋಸ್ಟಿಲ್ ಪಡೆಯಬಹುದು, ನೋಟರಿಯ ಅಧಿಕಾರದ ಬಗ್ಗೆ ಇಲ್ಲಿ ಪ್ರಶ್ನೆ ಬಂದರೆ ಅದೇ ಉತ್ತರ. ಭಾರತೀಯ ದೂತಾವಾಸದಲ್ಲಿ ಮಾಡಿದ ಪತ್ರಕ್ಕೆ ಅಪೋಸ್ಟಿಲ್ ಬೇಕಿಲ್ಲ, ಏಕೆಂದರೆ ದೂತಾಧಿಕಾರಿಗಳ ದಾಖಲೆಗಳನ್ನು ಒಪ್ಪಂದವೇ ಹೊರಗಿಟ್ಟಿದೆ. ದುಬೈ, ದೋಹಾಗಳಲ್ಲಿರುವವರಿಗೆ ಈ ದಾರಿಯೇ ಸುಲಭ.

ಆದರೆ ಮುಖ್ತಿಯಾರ್ ಪತ್ರದಲ್ಲಿಯೂ ಮುದ್ರೆ ಸಹಿಗಷ್ಟೇ ಜವಾಬು ಹೇಳುತ್ತದೆ. ಸರ್ವೆ ನಂಬರ್, ವಿಸ್ತೀರ್ಣ, ಚಕ್ಕುಬಂದಿ ಪಹಣಿಯಲ್ಲಿರುವಂತೆ ಇವೆಯೇ, ಮಾರುವ ಅಧಿಕಾರ ಕೊಟ್ಟಿದೆಯೇ ಅಥವಾ ಬರೀ ನೋಡಿಕೊಳ್ಳುವ ಅಧಿಕಾರವೇ ಎಂಬುದನ್ನು ಸಹಿಗೆ ಮೊದಲೇ ಇಲ್ಲಿನ ವಕೀಲರಿಗೆ ತೋರಿಸಿಕೊಳ್ಳಬೇಕು. ಮಾರಾಟದ ಅಧಿಕಾರವನ್ನು ತಂದೆ ತಾಯಿ, ಒಡಹುಟ್ಟಿದವರಂಥ ಹತ್ತಿರದವರಿಗೆ ಕೊಟ್ಟಾಗಿನ ಮುದ್ರಾಂಕ ಶುಲ್ಕಕ್ಕೂ ಹೊರಗಿನವರಿಗೆ ಕೊಟ್ಟಾಗಿನ ಶುಲ್ಕಕ್ಕೂ ಬಹಳ ಅಂತರವಿದೆ. 1957ರ ಕರ್ನಾಟಕ ಸ್ಟ್ಯಾಂಪ್ ಅಧಿನಿಯಮದ 18ನೇ ಪ್ರಕರಣದಂತೆ, ಭಾರತದ ಹೊರಗೆ ಬರೆದುಕೊಟ್ಟ ಪತ್ರಕ್ಕೆ ಅದು ರಾಜ್ಯದಲ್ಲಿ ಮೊದಲು ಕೈಸೇರಿದ ಮೂರು ತಿಂಗಳೊಳಗೆ ಶುಲ್ಕ ಕಟ್ಟಬಹುದು. ಅವಧಿ ಮೀರಿದರೆ ದಂಡದ ಪ್ರಶ್ನೆ ಏಳುತ್ತದೆ. ಆದ್ದರಿಂದ ಪತ್ರ ಬಂದ ಕೊರಿಯರ್ ಲಕೋಟೆಯನ್ನು ಎಸೆಯದೆ ಪತ್ರದ ಜೊತೆಗೇ ಇಟ್ಟುಕೊಳ್ಳಿ. ಅದು ಯಾವ ದಿನ ಕೈಸೇರಿತು ಎಂದು ಜಿಲ್ಲಾ ನೋಂದಣಾಧಿಕಾರಿ ಕೇಳಿದರೆ ತೋರಿಸಲು ಬೇರೆ ಆಧಾರ ಸಾಮಾನ್ಯವಾಗಿ ಇರುವುದಿಲ್ಲ.